ಮಣ್ಣಿಗೆಂದು ಎತ್ತಿಟ್ಟ ಸೀರೆ

ಅಕ್ಕಿ ತೊಳೆಯುವ ಮುಂಚೆ ಪಾತ್ರೆಯಿಂದ ಒಂದು ಹಿಡಿ ತೆಗೆದು ಪಕ್ಕಕ್ಕೆ ಹಾಕುವ ಅಭ್ಯಾಸ ನನಗಿದೆ. ಮೊನ್ನೆ ನೆಂಟರೊಬ್ಬರ ಮನೆಯಲ್ಲಿ ಅಡುಗೆಗೆ ಕೈಜೋಡಿಸಲು ಹೋದಾಗಲೂ ಕೈ ತಾನಾಗಿ ಹಿಡಿ ತೆಗೆಯಿತು. ಹಾಕಲು ಡಬ್ಬ ಕಾಣದೆ, ಅಕ್ಕಿಯನ್ನು ಮುಷ್ಟಿಯಲ್ಲಿಟ್ಟುಕೊಂಡೇ ಪೆಚ್ಚಾಗಿ ನಿಂತೆ. ಆ ಮನೆಯಾಕೆ ನನ್ನನ್ನು ಅಕ್ಕಿಕಳ್ಳಿ ಎಂದುಕೊಂಡಳೋ ಏನೋ, "ಬೇಕಾದ್ರೆ ಒಂದ್ ಸೇರು ಕಟ್ಕೊಡ್ತೀನಿ, ತಕಂಡೋಗಕ್ಕ" ಎಂದುಬಿಟ್ಟಳು.

ಕೊಳ್ಳೇಗಾಲ, ಹನೂರು ಕಡೆಯ ನಮ್ಮಂಥ ಕ್ರೈಸ್ತರ ಮನೆಗಳಲ್ಲಿ ಇದಕ್ಕೆ ಹಿಡಿಯಕ್ಕಿ ಎನ್ನುತ್ತೇವೆ. ಒಲೆ ಹಚ್ಚುವಾಗಲೆಲ್ಲ ಒಂದು ಹಿಡಿ ಡಬ್ಬಕ್ಕೆ. ಡಬ್ಬ ತುಂಬಿದ ಮೇಲೆ ಭಾನುವಾರ ಪೂಜೆಗೆ ಹೋಗುವಾಗ ಒಯ್ದು, ಗುಡಿಯ, ಎಂದರೆ ನಮ್ಮ ಚರ್ಚಿನ, ಬಾಗಿಲಲ್ಲಿ ಇಟ್ಟಿರುವ ಚೀಲಕ್ಕೆ ಸುರಿದು ಬರುವುದು. ಆ ಅಕ್ಕಿ ಯಾರದೋ ಮನೆಯ ಒಲೆಗೆ ಹೋಗುತ್ತದೆ. ಯಾರ ಮನೆ ಎಂದು ಕೇಳುವ ಹಾಗಿಲ್ಲ.

ನಾನು ಬೆಳೆದದ್ದು ಶಾಗ್ಯದಲ್ಲಿ. ನಮ್ಮ ಮನೆಯಲ್ಲಿ ದಿನವೂ ರಾಗಿಹಿಟ್ಟು. ಅನ್ನ ಬೇಯುತ್ತಿದ್ದುದು ಹಬ್ಬಕ್ಕೆ, ಇಲ್ಲವೇ ನೆಂಟರು ಬಂದರೆ. ಅಂಥ ದಿನವೂ ಅವ್ವ ತನ್ನ ಅಗಲವಾದ ಕೈಯನ್ನು ಪಾತ್ರೆಗೆ ಇಳಿಸಿ ಹಿಡಿ ತೆಗೆದಾಗ ನನ್ನ ಹೊಟ್ಟೆಯೊಳಗಿನಿಂದಲೇ ತೆಗೆದಂತಾಗುತ್ತಿತ್ತು. "ಅವ್ವ, ಇವತ್ತು ನಾನು ತೆಗೀತೀನಿ" ಎಂದು ಭಕ್ತೆಯಂತೆ ಮುಂದೆ ಬರುತ್ತಿದ್ದೆ. ಭಕ್ತಿ ಗಿಕ್ತಿ ಏನೂ ಇಲ್ಲ, ನನ್ನ ಕೈ ಪುಟ್ಟದು, ಅಷ್ಟೇ ಲೆಕ್ಕ. ಅವ್ವನಿಗೆ ಅದು ತಿಳಿಯದೆ ಇರುತ್ತದೆಯೆ? "ತಗಿ ಮಗ, ತಗಿ. ನಿನ್ ಕೈ ಏಟಗಲ ಅಂತ ದ್ಯಾವ್ರುಗೂ ಗೊತ್ತು" ಎಂದು ನಗುತ್ತಿದ್ದಳು.

ಅಂಥ ನಾನು ಈಗ ಇಬ್ಬರು ಹೆಣ್ಣುಮಕ್ಕಳಿಗೆ ಮನೆಯಲ್ಲೇ ಔದಾರ್ಯದ ಪಾಠ ಹೇಳುತ್ತಿದ್ದೇನೆ. ಕಾಲ ಕೆಟ್ಟಿತು ಎಂದು ಹಿರಿಯರು ಸುಮ್ಮನೆ ಹೇಳುವುದಿಲ್ಲ.

ಮನೆಯಲ್ಲೇ ಯಾಕೆ ಎಂದರೆ, ದೊಡ್ಡವಳು ಸ್ಟೆಲ್ಲಾಗೆ ಉಬ್ಬಸ. ನಾವಿರುವುದು ಕಾಮಗೆರೆಯಲ್ಲಿ, ಶಾಲೆ ಕೊಳ್ಳೇಗಾಲದಲ್ಲಿ. ವ್ಯಾನಿನ ಕಿಟಕಿಯಿಂದ ನುಗ್ಗುವ ರಸ್ತೆಯ ಧೂಳು ಕುಡಿದು ಕುಡಿದು ವಾರಕ್ಕೆ ಒಂದೆರಡು ದಿನವಾದರೂ ಮಲಗುತ್ತಿದ್ದಳು. ಕೊರೋನಾ ಕಾಲದಲ್ಲಿ ಎಲ್ಲರ ಮಕ್ಕಳೂ ಮನೆಯಲ್ಲಿ ಕುಳಿತಾಗ ಇವಳ ಉಸಿರು ಹೂವಿನಂತೆ ಹಗುರಾಯಿತು. ಮತ್ತೆ ಶಾಲೆ ತೆರೆದಾಗ ನಾವು ಕಳಿಸಲಿಲ್ಲ. ನಾನೂ ಮೇಷ್ಟರ ಕೆಲಸ ಮಾಡಿದವಳೇ, ಅದನ್ನು ಬಿಟ್ಟೆ. ಮುಂದೆ ಓಪನ್ ಸ್ಕೂಲಿಂಗ್ ಪರೀಕ್ಷೆ ಬರೆಸಿದರಾಯಿತು ಎಂದು ನನ್ನ ಗಂಡ ಸವರಿರಾಜು ಧೈರ್ಯ ಕೊಟ್ಟರು. ಅವರು ಹನೂರಿನಲ್ಲಿ ಗುಮಾಸ್ತರು. ಧೈರ್ಯ ಕೊಟ್ಟು ಬೆಳಿಗ್ಗೆಯೇ ಬಸ್ಸು ಹತ್ತಿಬಿಡುತ್ತಾರೆ. ಉಳಿದದ್ದೆಲ್ಲ ನನ್ನ ಪಾಲು.

ಊರಿನವರಿಗೆ ಇದನ್ನು ವಿವರಿಸಿ ಸಾಕಾಗಿದೆ. ಪಕ್ಕದ ಬೀದಿಯ ಮಾದಮ್ಮ ಮೊದಲ ದಿನವೇ ಬಂದು, "ಯಾಕ್ ಮಿಸ್ಸೆ, ಮಕ್ಳನ್ನ ಸ್ಕೂಲಿಂದ ಓಡ್ಸ್ಬುಟ್ರಾ?" ಎಂದು ಕೇಳಿದ್ದರು. ಗಂಡ ಹೆಂಡತಿ ಇಬ್ಬರೂ ಹಿಪ್ಪುನೇರಳೆ ತೋಟಗಳಲ್ಲಿ ಕೆಲಸ ಮಾಡುವವರು. ಮನಸ್ಸು ಬಹಳ ಮೃದು, ಬಾಯಿ ಅಷ್ಟು ಮೃದುವಲ್ಲ.

"ಇಲ್ಲ ಮಾದಮ್ಮ, ನಾವೇ ಬಿಡಿಸಿದ್ದು."

"ಅಯ್ಯೋ, ಮೇಷ್ಟ್ರ ಮಕ್ಳೇ ಸ್ಕೂಲ್ ಬುಟ್ಮೇಲೆ ನಮ್ಮೋರ್ಗೆ ಏನೇಳದು ಬುಡಿ" ಎಂದು ನಿಟ್ಟುಸಿರು ಬಿಟ್ಟು, ಮಡಿಲಿನಿಂದ ಹಿಪ್ಪುನೇರಳೆ ಹಣ್ಣು ತೆಗೆದು ಸ್ಟೆಲ್ಲಾಳ ಕೈಗೆ ಸುರಿದು ಹೋದರು.

ಬೆಳಿಗ್ಗೆ ಗಣಿತ, ಆಮೇಲೆ ಕನ್ನಡ, ಇಂಗ್ಲಿಷು. ಶನಿವಾರ ಮಾತ್ರ ನಾನೇ ಕಟ್ಟಿಕೊಂಡ ಒಂದು ವಿಶೇಷ ಪಾಠ, ಪಾರುಪತ್ಯದ ಪಾಠ. ನಮ್ಮ ಬಳಿ ಇರುವ ಯಾವುದೂ ನಮ್ಮದಲ್ಲ, ದೇವರದು. ನಾವು ನೋಡಿಕೊಳ್ಳುವವರು ಮಾತ್ರ. ಹಾಗೆಂದರೇನು ಎಂದು ಮಕ್ಕಳು ಕಣ್ಣು ಬಿಟ್ಟಾಗ ಮೂಲೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ನಮ್ಮತ್ತೆ ನೆರವಿಗೆ ಬಂದರು. "ದ್ಯಾವಸ್ಥಾನದಲ್ಲಿ ಪಾರುಪತ್ಯಗಾರ ಇರ್ತಿದ್ನಲ್ಲ, ಅಂಗೆ ಕಣ್ರವ್ವ. ಚಿನ್ನದ ಒಡ್ವೆ ದ್ಯಾವ್ರುದು, ಕಾಯೋನು ಇವ್ನು. ಕೊಳ್ಳಿಗಾಕ್ಕಂಡ್ರೆ ಕಳ್ಳ." ನಾನು ಎರಡು ಶನಿವಾರ ಹೇಳಿದ್ದು ಹತ್ತದ ತಲೆಗಳಿಗೆ ಅದು ಆ ಕ್ಷಣವೇ ಹತ್ತಿತು.

ಪಾಠಕ್ಕೆ ನಾಟಕವನ್ನೂ ಸೇರಿಸಿದೆ. ಯಜಮಾನನೊಬ್ಬ ದೂರದೇಶಕ್ಕೆ ಹೋಗುವಾಗ ಆಳುಗಳ ಕೈಗೆ ಆಸ್ತಿ ಒಪ್ಪಿಸುತ್ತಾನೆ. ಉಳಿದವರು ಅದನ್ನು ದುಡಿಸಿ ಬೆಳೆಸುತ್ತಾರೆ, ಒಬ್ಬ ಸೋಮಾರಿ ಮಾತ್ರ ಮಣ್ಣಿನಲ್ಲಿ ಹೂತಿಟ್ಟು ಬೈಸಿಕೊಳ್ಳುತ್ತಾನೆ. ಯೇಸುಸ್ವಾಮಿ ಹೇಳಿದ ಈ ಕಥೆಯಲ್ಲಿ ಸ್ಟೆಲ್ಲಾ ಯಜಮಾನಿ, ಚಿಕ್ಕವಳು ರೀಟಾ ಸೋಮಾರಿ. ರೀಟಾ ಪಾತ್ರದೊಳಗೆ ಎಷ್ಟು ಮುಳುಗಿದಳೆಂದರೆ ನನ್ನ ಒಳ್ಳೆಯ ಸಾರಿನ ಸೌಟನ್ನು ಹಿತ್ತಿಲಲ್ಲಿ ಹೂತು ಜಾಗ ಮರೆತಳು. ಅದು ಇವತ್ತಿನವರೆಗೂ ಸಿಕ್ಕಿಲ್ಲ.

ಇಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಿದರೆ ನಾನು ಮೇಷ್ಟ್ರೆ? ಪಾಠದ ಮೇಲೆ ಅಭ್ಯಾಸ ಕೊಡದಿದ್ದರೆ ನನಗೆ ಊಟ ಸೇರುವುದಿಲ್ಲ. ವರ್ಷವಿಡೀ ಯಾರೂ ಬಳಸದ ವಸ್ತು ಮನೆಯಲ್ಲಿದ್ದರೆ ಅದು ಇನ್ನೊಬ್ಬರಿಗೆ ಸೇರಬೇಕಾದದ್ದು, ಹುಡುಕಿ ಕೊಡಿ ಎಂದು ಅಪ್ಪಣೆ ಮಾಡಿದೆ. ಇದನ್ನು ಗುಡಿಯ ಹೆಂಗಸರ ಕೂಟದಲ್ಲೂ ಹೇಳಿ ಚಪ್ಪಾಳೆ ಹೊಡೆಸಿಕೊಂಡೆ. ಚಪ್ಪಾಳೆಯ ಸದ್ದು ಕಿವಿಯಲ್ಲಿ ಇರುವಾಗಲೇ ಒಂದು ದಿನ ನನ್ನ ದೊಡ್ಡ ಕುಕ್ಕರು ಮನೆಯಿಂದ ಮಾಯವಾಗಿತ್ತು. ಗ್ಯಾಸ್ಕೆಟ್ ಹೋಗಿದ್ದರಿಂದ ಅಟ್ಟದ ಮೇಲಿಟ್ಟಿದ್ದೆ. ಸ್ಟೆಲ್ಲಾ ಹಾಲಿನವಳಿಗೆ ಕೊಟ್ಟಿದ್ದಳು. ಮರುವಾರ ಎರಡಿದ್ದವರು ಒಂದನ್ನು ಇಲ್ಲದವರಿಗೆ ಕೊಡಬೇಕೆಂದು ಕಲಿಸಿದೆ. ರೀಟಾ ಅವಳಪ್ಪನ ಚಪ್ಪಲಿ ಎರಡಿರುವುದನ್ನು ನೋಡಿ ಒಂದನ್ನು ದಾರಿಯಲ್ಲಿ ಹೋಗುತ್ತಿದ್ದ ಮುದುಕರೊಬ್ಬರಿಗೆ ಕೊಟ್ಟಳು. ಅವರು ಪಾಪ ಏನು ಮಾಡಿದರೋ ಗೊತ್ತಿಲ್ಲ. ನನ್ನ ಗಂಡ ಆ ದಿನ ಬಚ್ಚಲುಮನೆಯ ಹವಾಯಿ ಚಪ್ಪಲಿಯಲ್ಲೇ ಹನೂರಿನ ಕಚೇರಿಗೆ ಹೋದರು.

ಆಗೆಲ್ಲ ಹೌಹಾರಿದರೂ ಒಳಗೊಳಗೆ ಹೆಮ್ಮೆ ಇತ್ತು. ಮಕ್ಕಳ ಕೈ ನಮ್ಮವ್ವನ ಕೈಯಂತೆ ಅಗಲವಾಗುತ್ತಿದೆ ಎಂದುಕೊಳ್ಳುತ್ತಿದ್ದೆ. ನಿಜವಾಗಿ ಎದೆ ಒಡೆದಂತಾದದ್ದು ಕಳೆದ ವರ್ಷದ ಕಲ್ಲರೆ ಹಬ್ಬದ ಬೆಳಿಗ್ಗೆ.

ಕಲ್ಲರೆ ಎಂದರೆ ಗೋರಿಗಳ ಜಾಗ, ಕಲ್ಲರೆ ಹಬ್ಬವೆಂದರೆ ನಮ್ಮಲ್ಲಿ ಸತ್ತವರ ನೆನಪಿನ ದಿನ. ಗೋರಿಗಳಿಗೆ ಸುಣ್ಣ ಬಳಿದು, ಹೂ ಇಟ್ಟು, ಮೇಣದಬತ್ತಿ ಹಚ್ಚಿ ಬರುತ್ತೇವೆ. ಅದಕ್ಕೆ ಮುಂಚೆ ನಮ್ಮತ್ತೆ ಲೂರ್ದಮ್ಮನವರದು ಇನ್ನೊಂದು ಕೆಲಸವಿದೆ. ತಮ್ಮ ಮಂಚದ ಕೆಳಗಿನ ತಗಡಿನ ಟ್ರಂಕನ್ನು ಎಳೆಸಿ, ತಮ್ಮ ಸಾವಿಗೆಂದು ಎತ್ತಿಟ್ಟುಕೊಂಡಿರುವ ಸಾಮಾನನ್ನು ಬಿಸಿಲಿಗೆ ಹರಡುವುದು. ಶವಪೆಟ್ಟಿಗೆಯೊಳಗೆ ಹಾಸಲು ಬಿಳಿ ಬಟ್ಟೆ, ಒಂದು ಜಪಸರ, ಒಂದು ಜೊತೆ ಬಿಳಿ ಕಾಲುಚೀಲ. ಹುಟ್ಟಿದಾಗಿನಿಂದ ಕಾಲುಚೀಲ ಹಾಕದ ಹೆಂಗಸಿಗೆ ಸತ್ತ ಮೇಲೆ ಯಾಕೆ ಎಂದು ನಾನು ತಮಾಷೆ ಮಾಡಿದರೆ, "ಅಲ್ಲಿ ನೆಲ ಎಂಗದೋ ಏನೋ" ಎನ್ನುತ್ತಿದ್ದರು. ಮತ್ತೆ ಒಂದು ರೇಷ್ಮೆ ಸೀರೆ.

ಆ ಸೀರೆಯ ವಿಚಾರ ಹೇಳಲೇಬೇಕು. ನಮ್ಮ ಮಾವ ಕೊಳ್ಳೇಗಾಲದಲ್ಲಿ ಮಗ್ಗದ ಕೆಲಸದಲ್ಲಿದ್ದವರು. ಬದುಕೆಲ್ಲ ಬೇರೆಯವರ ಮದುವೆಗೆ ಸೀರೆ ನೇಯ್ದರು, ಮನೆಗೆ ತಂದದ್ದು ಒಂದೇ ಒಂದು. ಈರುಳ್ಳಿ ಸಿಪ್ಪೆಯ ಬಣ್ಣ, ಹಸಿರು ಅಂಚು. ಒಳ್ಳೆಯ ಹಬ್ಬ ನೋಡಿ ಉಡೋಣವೆಂದು ಅತ್ತೆ ಎತ್ತಿಟ್ಟರು. ಹಬ್ಬ ಬರುವ ಮುಂಚೆ ಮಾವ ಎದೆನೋವಿನಿಂದ ಹೋಗಿಬಿಟ್ಟರು. ಆಮೇಲೆ ಅವರಿಗೆ ಉಡಲು ಮನಸ್ಸಾಗಲಿಲ್ಲ. "ಅವ್ರ ತಾವ ಓಗುವಾಗ ಉಟ್ಕಂಡೋಯ್ತೀನಿ. ಉಡ್ನೇ ಇಲ್ವಲ್ಲೇ ಅಂತ ಕೇಳ್ದಾಗ ತೋರ್ಸ್ಬೇಕಲ್ಲ" ಎನ್ನುವರು. ನನ್ನನ್ನು ಕೂರಿಸಿಕೊಂಡು ಪ್ರತಿವರ್ಷವೂ ಪಾಠ ಹೇಳುವರು: ಇದನ್ನೇ ಉಡಿಸಬೇಕು, ನೆರಿಗೆ ಇಷ್ಟು, ಸೆರಗು ಇಲ್ಲಿಗೆ. ನನ್ನ ಹೆಸರು ಫಿಲೋಮಿನಾ; ಅವರ ಬಾಯಲ್ಲಿ ಪಿಲಮ್ಮ. "ಮರೀಬೇಡ ಕಣ್ ಪಿಲಮ್ಮ. ಸತ್ಮೇಲೆ ನಾನು ಎದ್ಬಂದು ಜಗಳ ಆಡಕ್ಕಾಗಲ್ಲ."

ಆ ಬೆಳಿಗ್ಗೆ ಟ್ರಂಕು ತೆರೆದೆವು. ಬಿಳಿ ಬಟ್ಟೆ ಇತ್ತು, ಕಾಲುಚೀಲ ಇತ್ತು. ಸೀರೆ ಇರಲಿಲ್ಲ.

ಅತ್ತೆ ಕೈಯಾಡಿಸಿದರು. ಮತ್ತೆ ಬಟ್ಟೆ ಕೊಡವಿದರು. ಮತ್ತೊಮ್ಮೆ ಟ್ರಂಕಿನ ತಳವನ್ನೇ ಸವರಿದರು. ಬಾಗಿಲಲ್ಲಿ ನಿಂತಿದ್ದ ಸ್ಟೆಲ್ಲಾ ಯಾವ ಅಳುಕೂ ಇಲ್ಲದೆ, "ಅದನ್ನ ಸೌಮ್ಯಕ್ಕಂಗೆ ಕೊಟ್ಟೆ, ಚಪ್ರಕ್ಕೆ ಉಟ್ಕೊಳಕ್ಕೆ" ಎಂದಳು.

ಸೌಮ್ಯ ಎಂದರೆ ಮಾದಮ್ಮನ ಮಗಳು. ಅವಳನ್ನು ಯಳಂದೂರಿಗೆ ಕೊಡುವುದೆಂದು ನಿಶ್ಚಯವಾಗಿತ್ತು, ಮಾರನೆಯ ದಿನವೇ ಚಪ್ಪರ, ಮದುವೆಯ ಮುನ್ನಾದಿನದ ಶಾಸ್ತ್ರ. ಧಾರೆಸೀರೆ ಗಂಡಿನ ಕಡೆಯವರು ತರುತ್ತಾರೆ, ಚಪ್ಪರದ ಸೀರೆ ಹೆಣ್ಣಿನ ಮನೆಯದು. "ಈ ರೇಷ್ಮೆ ಸೀಮೆಲೇ ಉಟ್ಟಿ ಬೆಳ್ದು, ಸೊಪ್ಪು ಕುಯ್ದು ಕೈಯೆಲ್ಲ ಕರ್ರಗಾಯ್ತು, ಮಗ್ಳಿಗೆ ಒಂದ್ ರೇಷ್ಮೆ ಉಡ್ಸಕ್ಕಾಗ್ನಿಲ್ಲ ನೋಡಿ" ಎಂದು ಮಾದಮ್ಮ ನಮ್ಮ ಜಗಲಿಯಲ್ಲಿ ಕುಳಿತು ಹೇಳಿಕೊಂಡಿದ್ದು ನಿಜ. ಸ್ಟೆಲ್ಲಾ ಅದನ್ನು ಕೇಳಿಸಿಕೊಂಡಿದ್ದಳು. ನಾನೂ ಕೇಳಿಸಿಕೊಂಡು ಅಯ್ಯೋ ಪಾಪ ಎಂದಿದ್ದೆ.

"ಅಜ್ಜಿ ಸೀರೆ ಕಣೇ ಅದು!" ಎಂದು ಕಿರುಚಿದೆ.

"ಯಾರೂ ಉಡಲ್ವಲ್ಲಮ್ಮ. ಅಜ್ಜಿ ಅದನ್ನ ಮಣ್ಣಲ್ಲಿ ಹೂತಿಡ್ತೀನಿ ಅಂತಿದ್ರು. ಯಜಮಾನ ಕೊಟ್ಟಿದ್ದನ್ನ ಮಣ್ಣಲ್ಲಿ ಹೂತಿಡೋನು ಸೋಮಾರಿ ಆಳು ಅಂತ ನೀನೇ ಹೇಳ್ಕೊಟ್ಟಿದ್ದಲ್ವಾ?"

ಅಷ್ಟು ವರ್ಷ ಶಾಲೆಯಲ್ಲಿ ಪಾಠ ಮಾಡಿದ್ದೇನೆ, ಯಾವ ಮಗುವೂ ನನ್ನ ಪಾಠವನ್ನು ಇಷ್ಟು ಸರಿಯಾಗಿ ಅರ್ಥ ಮಾಡಿಕೊಂಡಿರಲಿಲ್ಲ. ಪಾಠವೂ ಸರಿ, ಉತ್ತರವೂ ಸರಿ, ಮುದುಕಿಯ ಸೀರೆ ಮಾತ್ರ ಇಲ್ಲ. ಅತ್ತೆ ಅಳಲಿಲ್ಲ, ಬೈಯಲಿಲ್ಲ. ಟ್ರಂಕಿನ ಮುಚ್ಚಳ ಹಾಕಿ ಅದರ ಮೇಲೆಯೇ ಕುಳಿತುಬಿಟ್ಟರು. ಅವರು ಬೈದಿದ್ದರೆ ಚೆನ್ನಾಗಿತ್ತು ಎಂದು ನನಗನ್ನಿಸಿತು.

ಇನ್ನೊಂದು ಭಯ ಆಮೇಲೆ ಹೊಳೆಯಿತು. ಹೆಣಕ್ಕೆಂದು ಎತ್ತಿಟ್ಟ ಸೀರೆಯನ್ನು ಮದುಮಗಳು ಚಪ್ಪರದಲ್ಲಿ ಉಡುವುದೆ? ಶಕುನ ನೋಡದೆ ಹೊಸಿಲು ದಾಟದ ಮಾದಮ್ಮನಿಗೆ ಗೊತ್ತಾದರೆ ಗತಿಯೇನು? ಗೊತ್ತಾಗದಿದ್ದರೆ ನನ್ನ ಮನಸ್ಸಾಕ್ಷಿಯ ಗತಿಯೇನು? ಸೆರಗು ಸುತ್ತಿಕೊಂಡು ಓಡಿದೆ. ಸೀರೆ ವಾಪಸು ತರಬೇಕು, ಹೇಗಾದರೂ ಮಾಡಿ ತರಬೇಕು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ: ಮಗು ತಿಳಿಯದೆ ಕೊಟ್ಟಿದೆ, ಬದಲಿಗೆ ನನ್ನ ಸೀರೆ ತಂದುಕೊಡುತ್ತೇನೆ, ತಪ್ಪು ತಿಳಿಯಬೇಡಿ.

ಮಾದಮ್ಮನ ಮನೆಯ ಮುಂದೆ ಗಂಡಸರು ಕಂಬ ನೆಟ್ಟು ಹಸಿರು ಸೋಗೆ ಹೊದಿಸುತ್ತಿದ್ದರು. ಒಳಗೆ ದೇವರ ಗೂಡಿನಲ್ಲಿ, ಮಾದಪ್ಪನ ಪಟದ ಮುಂದೆ, ತಟ್ಟೆಯೊಂದರಲ್ಲಿ ಅತ್ತೆಯ ಸೀರೆ. ಅದಕ್ಕೆ ಅರಿಸಿನ ಕುಂಕುಮ ಇಟ್ಟು ಮಲ್ಲಿಗೆ ಹಾಕಿದ್ದರು. ಪಕ್ಕದಲ್ಲಿ ಮುಳ್ಳೂರಿನ ಟೈಲರಿಂದ ಹೊಲಿಸಿ ತಂದ ಹಸಿರು ಕುಪ್ಪಸ. ನನ್ನನ್ನು ಕಂಡ ಮಾದಮ್ಮ ಎರಡೂ ಕೈ ಹಿಡಿದುಕೊಂಡರು.

"ಮಿಸ್ಸೆ, ನಿಮ್ ಮಗ ಬಂದು ಕೊಟ್ಬುಟ್ಟು ಓಯ್ತು ಕಣ್ರಿ. ಯಾರ್ ಸೀರೆ ಮಗ ಅಂದೆ. ನಮ್ದಲ್ಲ, ದೇವ್ರುದು, ನಮ್ ಕೈಲಿ ಕೊಟ್ಟು ಕಳಿಸವ್ನೆ ಅಂತು. ನಂಗೆ ಮೈ ಜುಂ ಅಂತು. ಮಾತೆ ಮೈಮೇಲಿನ ಸೀರೆ ನನ್ ಮಗ್ಳಿಗೆ ಬಂತಲ್ಲ!"

ನಮ್ಮ ಗುಡಿಗಳಲ್ಲಿ ಆರೋಗ್ಯಮಾತೆಯ, ಎಂದರೆ ಯೇಸುಸ್ವಾಮಿಯ ತಾಯಿಯ, ಪ್ರತಿಮೆಗೆ ಸೀರೆ ಉಡಿಸುವುದುಂಟು. ಹರಕೆಯ ಸೀರೆಗಳು ರಾಶಿ ಬೀಳುತ್ತವೆ. ಮಾತೆ ಉಟ್ಟದ್ದನ್ನು ಆಮೇಲೆ ಬಡ ಹೆಣ್ಣುಮಕ್ಕಳ ಮದುವೆಗೆ ಕೊಡುತ್ತಾರೆ. ಮಾದಮ್ಮ ಬೆಟ್ಟದ ಮಾದಪ್ಪನಿಗೂ ಹೋಗುತ್ತಾರೆ, ಮಂಗಳವಾರ ಬಂದರೆ ನಮ್ಮ ಗುಡಿಗೂ ಬಂದು ಮೇಣದಬತ್ತಿ ಹಚ್ಚುತ್ತಾರೆ. ಹಾಗಾಗಿ ಅವರಿಗೆ ಬೇರೆ ಅನುಮಾನವೇ ಬಂದಿರಲಿಲ್ಲ. ಸ್ಟೆಲ್ಲಾ ಸುಳ್ಳು ಹೇಳಿರಲಿಲ್ಲ. ನಾನು ಬಾಯಿಪಾಠ ಮಾಡಿಸಿದ್ದನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ್ದಳು.

"ಯಳಂದೂರ್ನೋರ್ಗೂ ಹೇಳಿ ಕಳಿಸಿವ್ನಿ. ಅವ್ರೂ ಕೈ ಮುಗುದ್ರಂತೆ. ಏನೋ ಹೇಳಕ್ ಬಂದ್ರಲ್ಲ, ಏನ್ ಮಿಸ್ಸೆ?"

ಏನು ಹೇಳಲಿ? ಇದು ಮಾತೆಯದಲ್ಲ, ನಮ್ಮತ್ತೆಯ ಹೆಣಕ್ಕೆ ಉಡಿಸಬೇಕಾದದ್ದು ಎಂದೆ? ಬಾಗಿಲ ಸಂದಿಯಲ್ಲಿ ಸೌಮ್ಯ ಅರಿಸಿನದ ಕೆನ್ನೆಯಲ್ಲಿ ನಗುತ್ತಿದ್ದಳು. "ನಾಳೆಗೆ ಪಾತ್ರೆ ಏನಾದ್ರೂ ಬೇಕಾ ಅಂತ ಕೇಳೋಣ ಅಂತ ಬಂದೆ" ಎಂದುಬಿಟ್ಟೆ. ಮಾದಮ್ಮ ಖುಷಿಯಿಂದ ನನ್ನ ಇಡ್ಲಿ ಪಾತ್ರೆ ಕೇಳಿದರು. ಸೀರೆ ತರಲು ಹೋದವಳು ಇಡ್ಲಿ ಪಾತ್ರೆಯನ್ನೂ ಕಳೆದುಕೊಂಡು ಬಂದೆ.

ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ಅತ್ತೆ ಕೇಳಿಸಿಕೊಂಡರು. ಸಂಜೆ ಕಲ್ಲರೆಗೆ ಹೋದಾಗ ಪ್ರತಿವರ್ಷ ಮಾವನ ಗೋರಿಯ ಮುಂದೆ ಮಳೆ ಬೆಳೆ ಸಮಾಚಾರವನ್ನೆಲ್ಲ ಹೇಳುವವರು ಈ ಸಲ ಬತ್ತಿ ಹಚ್ಚಿ ಮುಖ ತಿರುಗಿಸಿ ನಿಂತರು. ಏನೆಂದು ಹೇಳುವುದು ಅವರು ತಾನೆ? ನನ್ನ ಗಂಡ ನನ್ನ ಕಡೆ ಒಂದು ನೋಟ ನೋಡಿದರು, ಅದರಲ್ಲಿ ಬಚ್ಚಲುಮನೆಯ ಚಪ್ಪಲಿಯ ದುಃಖವೂ ಸೇರಿತ್ತು.

ಚಪ್ಪರಕ್ಕೆ ಅತ್ತೆ ಬರುವುದಿಲ್ಲವೆಂದುಕೊಂಡಿದ್ದೆ. ಬೆಳಿಗ್ಗೆಯೇ ತಲೆ ಬಾಚಿಕೊಂಡು ಸಿದ್ಧರಾಗಿ ನಿಂತಿದ್ದರು. "ಬ್ಯಾಡಿ ಅತ್ತೆ, ನಿಮಗೆ ಸಂಕಟ ಆಗುತ್ತೆ" ಎಂದೆ. "ಉಟ್ಟಿದ್ನ ನಾನೂ ನೋಡ್ಬೇಕು" ಎಂದರು. ಅಲ್ಲಿ ಏನು ಹೇಳಿಬಿಡುತ್ತಾರೋ ಎಂದು ನಾನು ಅವರ ಪಕ್ಕ ಬಿಡದೆ ಕುಳಿತೆ. ನಮ್ಮತ್ತೆಯದೂ ಮಾದಮ್ಮನದೂ ಬಾಯಿಯ ವಿಷಯದಲ್ಲಿ ಒಂದೇ ಗರಡಿ.

ಸೌಮ್ಯ ಹಸೆಯ ಮೇಲೆ ಬಂದು ಕುಳಿತಳು. ಈರುಳ್ಳಿ ಸಿಪ್ಪೆಯ ಬಣ್ಣ ಆ ಹುಡುಗಿಯ ಕಪ್ಪು ಮೈಗೆ ಎಷ್ಟು ಒಪ್ಪಿತ್ತೆಂದರೆ ಹೆಂಗಸರೆಲ್ಲ ಕತ್ತು ಚಾಚಿ ನೋಡಿದರು. ಮಾದಮ್ಮ ಎಲ್ಲರಿಗೂ ಕೇಳುವಂತೆ, "ಕಾಮಗೆರೆ ಮಾತೆ ಉಟ್ಟಿದ್ದ ಸೀರೆ ಕಣ್ರವ್ವ" ಎಂದರು. ಯಳಂದೂರಿನಿಂದ ಬಂದಿದ್ದ ಗಂಡಿನ ಸೋದರತ್ತೆ ಸೆರಗನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಪಕ್ಕದಲ್ಲಿದ್ದ ನಮ್ಮತ್ತೆಯನ್ನು ಕೇಳಿದರು: "ಇದು ಎಲ್ಲಿ ಸೀರೆ ಅಜ್ಜಿ? ಕಂಚಿದಾ?"

ನಾನು ಅತ್ತೆಯ ಸೆರಗನ್ನು ಹಿಂದಿನಿಂದ ಮೆಲ್ಲಗೆ ಜಗ್ಗಿದೆ.

ಅತ್ತೆ ಕೈ ಚಾಚಿ ಅಂಚನ್ನು ಎರಡು ಬೆರಳಲ್ಲಿ ಹಿಡಿದರು. ಸ್ವಲ್ಪ ಹೊತ್ತು ಹಿಡಿದೇ ಇದ್ದರು. "ಕಂಚಿದಲ್ಲ ಕಣವ್ವ, ಕೊಳ್ಳೇಗಾಲದ್ದು" ಎಂದರು. "ಯಾರೋ ಒಳ್ಳೆ ಕೈನೋರು ನೇಯ್ದವ್ರೆ."

ಅಷ್ಟೇ. ಆಮೇಲೆ ಅಕ್ಷತೆ ಹಾಕಿ, ಪಾಯಸ ಉಂಡು, ಎಲೆ ಅಡಿಕೆ ಮಡಿಲಿಗೆ ಕಟ್ಟಿಕೊಂಡು ಎದ್ದರು. ಗಂಡನ ಕೈಯನ್ನು ಹೊಗಳುತ್ತ ಗಂಡನ ಹೆಸರು ಹೇಳದೆ ಕುಳಿತ ಆ ಮುದುಕಿಯನ್ನು ನೋಡಿ ನನಗೆ ನಾಚಿಕೆಯೂ ದುಃಖವೂ ಒಟ್ಟೊಟ್ಟಿಗೆ ಬಂದವು.

ದಾರಿಯಲ್ಲಿ ಧೈರ್ಯ ಮಾಡಿ ಕೇಳಿದೆ: "ಮಣ್ಣಿಗೆ ಅಂತ ಇಟ್ಟದ್ದು ಹಸೆಗೆ ಬಂತಲ್ಲ ಅತ್ತೆ, ಆ ಹುಡುಗಿಗೆ ಏನೂ ಆಗಲ್ಲ ತಾನೆ?"

"ಮಣ್ಣಿಗೆ ಅಂತ ನಾನಂದ್ಕಂಡಿದ್ದೆ. ಸೀರೆ ಅಂದ್ಕಂಡಿತ್ತಾ?" ಎಂದರು.

ಮನೆಗೆ ಬಂದ ಮೇಲೆ ಸ್ಟೆಲ್ಲಾಳನ್ನು ಕರೆದರು. ನಾನು ಮೊದಲೇ ಅವಳನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಿದ್ದೆ. ಕಣ್ಣು ಊದಿಸಿಕೊಂಡು ಬಂದು ನಿಂತಳು.

"ಕೇಳಿದ್ರೆ ಕೊಡ್ತಿದ್ನೋ ಇಲ್ವೋ, ನಂಗೂ ಗೊತ್ತಿಲ್ಲ" ಎಂದರು ಅತ್ತೆ. "ಆದ್ರೆ ಕೇಳ್ಬೇಕಿತ್ತು ಕಣ್ ಮಗ. ಕೊಡದು ನಂದಾಗಿತ್ತು. ಅದ್ನ ನೀನು ತಕಂಡ್ಬುಟ್ಟೆ." ಆಮೇಲೆ ಮೆಲ್ಲಗೆ ಕೇಳಿದರು: "ಅವ್ವನ ಕುಕ್ಕರ್ ಕೊಟ್ಟೆ, ಅಜ್ಜಿ ಸೀರೆ ಕೊಟ್ಟೆ. ನಿಂದು ಏನ್ ಕೊಟ್ಟಿದ್ದೀಯ?"

ಸ್ಟೆಲ್ಲಾ ಯೋಚಿಸಿದಳು. ನಾನೂ ಯೋಚಿಸಿದೆ. ಅಷ್ಟು ಶನಿವಾರಗಳಲ್ಲಿ ಈ ಪ್ರಶ್ನೆ ನನಗೇ ಹೊಳೆದಿರಲಿಲ್ಲ. ಬೇಡದ ಸಾಮಾನು ಹುಡುಕಿ ಕೊಡಿ ಎಂದಿದ್ದೆ. ಬೇಕಾದದ್ದನ್ನು ಕೊಡುವ ಪಾಠವನ್ನು ಮಾಡಿರಲೇ ಇಲ್ಲ.

ಹುಡುಗಿ ಒಳಗೆ ಹೋದಳು. ಬಂದಾಗ ಅವಳ ಕೈಯಲ್ಲಿ ಬಿಳಿ ಫ್ರಾಕು. ಅದೇನೆಂದು ನಿಮಗೆ ಹೇಳಬೇಕು. ನವೆಂಬ‌ರ್ ಕೊನೆಗೆ ಕ್ರಿಸ್ತರಾಜನ ಹಬ್ಬ, ಅಂದು ಅವಳ ಪ್ರಥಮ ಪರಮಪ್ರಸಾದ, ಪೂಜೆಯಲ್ಲಿ ಪವಿತ್ರ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸುವ ದಿನ. ನಮ್ಮ ಹೆಣ್ಣುಮಕ್ಕಳಿಗೆ ಅದೊಂದು ಸಣ್ಣ ಮದುವೆಯೇ. ಬಿಳಿ ಫ್ರಾಕು, ತಲೆಗೆ ವೇಲು, ಹೂವಿನ ಕಿರೀಟ. ಲೇಸು ನಾನೇ ಆರಿಸಿದ್ದು. ಆ ಫ್ರಾಕನ್ನು ಬೀರುವಿನಿಂದ ತೆಗೆದು ನೋಡಿ ಮತ್ತೆ ಮಡಿಚಿಡುವುದೇ ಸ್ಟೆಲ್ಲಾಳ ದಿನದ ಕೆಲಸವಾಗಿತ್ತು. ರೀಟಾ ಮುಟ್ಟಲು ಹೋದರೆ ಪರಚುತ್ತಿದ್ದಳು.

ಅದನ್ನು ಅಜ್ಜಿಯ ಮಡಿಲಲ್ಲಿಟ್ಟಳು. "ತಾತನ ಹತ್ರ ಹೋಗುವಾಗ ಇದನ್ನ ತಗೊಂಡೋಗಜ್ಜಿ. ಉಡಕ್ಕಾಗಲ್ಲ, ಪಕ್ಕದಲ್ಲಿಟ್ಕೊ" ಎಂದಳು. ಕೊನೆಯ ಮಾತಿಗೆ ಅಳು ಒತ್ತರಿಸಿಕೊಂಡು ಬಂತು.

ಇನ್ನೇನು ಅತ್ತೆ ಅವಳನ್ನು ತಬ್ಬಿಕೊಂಡು, ಬೇಡ ಕಂದ, ನೀನೇ ಹಾಕ್ಕೊ ಎನ್ನುತ್ತಾರೆಂದು ನಾನು ಕಾದೆ. ಯಾವ ಅಜ್ಜಿಯಾದರೂ ಹಾಗೆ ಅನ್ನುತ್ತಾಳೆ. ನಮ್ಮತ್ತೆ ಅನ್ನಲಿಲ್ಲ. ಫ್ರಾಕನ್ನು ಬಿಡಿಸಿ ನೋಡಿದರು, ಲೇಸು ಸವರಿದರು, ಅದು ಒಳಗೆ ಬರುವಂತೆ ಅಚ್ಚುಕಟ್ಟಾಗಿ ಮಡಿಚಿದರು. ಟ್ರಂಕು ಎಳೆದು ಒಳಗಿಟ್ಟು ಮುಚ್ಚಳ ಹಾಕಿದರು. ಅದುವರೆಗೆ ಆ ಟ್ರಂಕಿಗೆ ಬೀಗವಿರಲಿಲ್ಲ. "ಕೊಳ್ಳೇಗಾಲಕ್ಕೆ ಓದಾಗ ಒಂದ್ ಬೀಗ ತಕಬಾ" ಎಂದು ಮಗನಿಗೆ ಹೇಳಿದರು.

ಮಗು ಮಲಗಿದ್ದಾಗ, ಬಟ್ಟೆ ಒಗೆಯುವಾಗ, ಜಪ ಮುಗಿದ ಮೇಲೆ, ಸಮಯ ಸಿಕ್ಕಾಗಲೆಲ್ಲ ಅತ್ತೆಯ ಬೆನ್ನು ಹತ್ತಿದೆ. "ಹಬ್ಬಕ್ಕೆ ಒಂದು ದಿನ ಕೊಟ್ಟು ಆಮೇಲೆ ಇಟ್ಕೊಳ್ಳಿ ಅತ್ತೆ." "ಕೊಟ್ಟಿದ್ನ ಈಸ್ಕಳದ ಕಲಿಸ್ತಿಯಾ ಮಗೀಗೆ?" ಎಂದರು. ಗಂಡನಿಗೆ ಹೇಳಿದರೆ, "ನಿನ್ನ ಪಾಠ, ನಮ್ಮವ್ವನ ಪರೀಕ್ಷೆ, ನಾನ್ ಯಾಕೆ ನಡುವೆ?" ಎಂದು ಬಸ್ಸು ಹತ್ತಿದರು. ಬೇರೆ ಫ್ರಾಕು ಹೊಲಿಸುತ್ತೇನೆಂದರೆ ಸ್ಟೆಲ್ಲಾಳೇ ತಲೆ ಅಲ್ಲಾಡಿಸಿದಳು. ಹಾಗೆ ಮಾಡಿದರೆ ಕೊಟ್ಟಹಾಗಾಗುವುದಿಲ್ಲವಂತೆ.

ಕ್ರಿಸ್ತರಾಜನ ಹಬ್ಬದ ದಿನ ಲೇಸು, ವೇಲು, ಕೈಗವಸು, ಕಿರೀಟಗಳ ಸಾಲಿನಲ್ಲಿ ನನ್ನ ಮಗಳು ಭಾನುವಾರದ ಹಳೆಯ ಬಿಳಿ ಲಂಗ ತೊಟ್ಟು ನಿಂತಿದ್ದಳು. ಹೆಂಗಸರ ಕೂಟದವರು ಹಿಂದಿನಿಂದ ಪಿಸುಗುಟ್ಟಿದ್ದು ನನಗೆ ಕೇಳಿಸಿತು. ನಾನು ತಲೆ ತಗ್ಗಿಸಿದ್ದೆ. ಸ್ಟೆಲ್ಲಾ ತಗ್ಗಿಸಲಿಲ್ಲ. ಒಂದೆರಡು ಸಲ ಪಕ್ಕದ ಹುಡುಗಿಯ ಲೇಸನ್ನು ಓರೆಗಣ್ಣಿನಿಂದ ನೋಡಿದಳು, ಮತ್ತೆ ನೇರ ನಿಂತಳು.

ಪೂಜೆ ಮುಗಿದು ಹೊರಗೆ ಬಂದಾಗ ಅಜ್ಜಿಯ ಕೈ ಹಿಡಿದುಕೊಂಡು ನಡೆಯುತ್ತ ಕೇಳಿದಳು: "ಅಜ್ಜಿ, ಫ್ರಾಕನ್ನ ತಾತಂಗೆ ನಿಜವಾಗ್ಲೂ ತೋರಿಸ್ತೀಯಾ?"

"ತೋರ್ಸ್ದೆ ಇರ್ತೀನಾ? ನಾ ನೇಯ್ದ ಸೀರೆ ಎಲ್ಲೇ ಅಂತ ಅವ್ರು ಕೇಳೇ ಕೇಳ್ತಾರೆ. ಕೊಟ್ಬುಟ್ಟೆ, ಅದ್ಕೆ ಇದು ಬಂತು ಅಂತ ತೋರ್ಸ್ತೀನಿ."

"ತಾತ ಬೈಯಲ್ವಾ?"

"ಬೈಯಲ್ಲ" ಎಂದರು ಅತ್ತೆ. "ಲೇಸ್ ಎಲ್ಲಿ ತಕಂಡ್ರಿ ಅಂತ ಕೇಳ್ತಾರೆ, ನೋಡ್ತಿರು."